ಸಿಂಗಾಪುರದ ಬಾವಿ ಹತ್ರ ತೆಗೆದ ಪಟ

ಮೆಲ್ಲಗೆ ಹೇಳ್ತೀನಿ, ಹತ್ರ ಬನ್ನಿ. ಒಳಗೆ ಅಮ್ಮ ಮಲಗಿದಾರೆ... ಮೆಹಬೂಬ್ ಬೀ ಖಾಲಾ ಹೆಸರು ಕಿವಿಗೆ ಬಿದ್ರೆ ಎದ್ದು ಕೂತ್ಕೋತಾರೆ, ಆಮೇಲೆ ಬೆಳಗಾಗೋವರೆಗೂ ನಿದ್ದೆ ಇಲ್ಲ. ಖಾಲಾ ಅಮ್ಮನ ಸ್ವಂತ ತಂಗಿ ಅಲ್ವಾ.

ಇದು ಆ ಖಾಲಾ ಮಗ ಉಜೈರ್‌ಗೆ ಆಗಿದ್ದು. ಯಾರೋ ಯಾರಿಗೋ ಹೇಳಿದ್ದಲ್ಲ ಗುರು. ಅರ್ಧಕ್ಕೆ ನಾನೇ ಸಾಕ್ಷಿ.

ಇಲ್ಲೇ ಯಲಹಂಕದ ಹತ್ರ ಸಿಂಗಾಪುರ ಅನ್ನೋ ಊರಲ್ಲಿ ದೊಡ್ಡ ಆಲದ ಮರ ಇದೆಯಲ್ಲ, ಅದರ ಹಿಂದೆ ಒಂದು ಹಳೇ ಬಾವಿ. ಊರು ಲೇಔಟ್ ಆದ್ಮೇಲೆ ಅಲ್ಲಿ ಯಾರೂ ನೀರು ಸೇದಲ್ಲ. ಹಗ್ಗ ಇಲ್ಲ, ರಾಟೆ ಇಲ್ಲ. ಮೇಲೆ ಕಬ್ಬಿಣದ ಜಾಲರಿ ಹಾಕಿದಾರೆ. ಉಜೈರ್ ಮನೆಗೆ ಹೋಗೋ ದಾರಿ ಅದೇ.

ಅವನು ಆರ್.ಟಿ. ನಗರದ ಒಂದು ಸ್ಟುಡಿಯೋದಲ್ಲಿ ಮದುವೆ ಆಲ್ಬಮ್ ಮಾಡ್ತಾನೆ. ಅದು ಹೊಟ್ಟೆಪಾಡು. ಮನಸ್ಸಿಗೆ ಅಂತ ತೆಗೆಯೋದು ಬೆಂಗಳೂರಿನ ಫೋಟೋ. ಹೆಬ್ಬಾಳ ಫ್ಲೈಓವರಿನ ದೀಪ, ಯಲಹಂಕ ಕೆರೆಯ ಹಕ್ಕಿ, ಯಶವಂತಪುರ ಯಾರ್ಡಲ್ಲಿ ಈರುಳ್ಳಿ ಮೂಟೆ ಹೊರೋರ ಬೆನ್ನು... ಏನ್ ಬೇಕಾದ್ರೂ ತೆಗೀತಾನೆ.

ಖಾಲಾ ತೀರ್ಕೊಂಡಾಗ ಅವನು ಅಳಲಿಲ್ಲ. ಮಣ್ಣು ಹಾಕಿ ಬಂದ, ಕೈ ತೊಳೆದ, ಊಟಕ್ಕೆ ಕೂತ. ಮಾರನೇ ದಿನ ಕ್ಯಾಮೆರಾ ತಗೊಂಡು ಕೆರೆಗೆ ಹೋದ. ಮನೆಯವರೆಲ್ಲ ಬೈದ್ರು. ನಾನು ಕೇಳಿದ್ದಕ್ಕೆ, "ಅಜ್ಜು, ನಂಗೆ ಏನೂ ಅನ್ನಿಸ್ತಿಲ್ಲ ಕಣೋ. ಬಾಯಿಗೆ ಸಕ್ಕರೆ ಹಾಕ್ಕೊಂಡ್ರೂ ಮಣ್ಣು ತರ ಇದೆ" ಅಂದ.

ಆಗ ಅವನು ಫೋಟೋ ತೆಗೆಯೋಕೆ ದಿನಾ ಸಂಜೆ ಅನಂತರಾಜು ಅವರ ಬಿಲ್ಡಿಂಗ್ ಹತ್ತೋನು. ಅನಂತರಾಜು ಆ ಊರಿನ ಹಳೇ ಜಮೀನ್ದಾರರು, ಈಗ ಬಿಲ್ಡರ್. ಅರ್ಧ ಕಟ್ಟಿದ ಅಪಾರ್ಟ್‌ಮೆಂಟು, ಮೇಲಿಂದ ಇಡೀ ಊರು ಕಾಣ್ಸುತ್ತೆ. ಆ ಬಾವೀನೂ ಅವರದ್ದೇ. ಅದನ್ನ ಮುಚ್ಚಿಸಿ ಪಾರ್ಕಿಂಗ್ ಮಾಡ್ಬೇಕು ಅಂತ ಪಕ್ಕದಲ್ಲಿ ಕಲ್ಲು ಮಣ್ಣು ಸುರಿಸಿದ್ರು.

ಒಂದಿನ ಅವನು ಕೆಳಗಿಳಿಯೋ ಹೊತ್ತಿಗೆ ತಡ ಆಯ್ತು. ಆಲದ ಮರ ದಾಟ್ತಿದಾನೆ...

ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಆಮೇಲೆ ಎಲ್ಲೋ ಆಳದಲ್ಲಿ, ದುಬುಕ್.

ತಿರುಗಿ ನೋಡ್ದ. ಬಾವಿ ಮೇಲೆ ಒಬ್ಬಳು ಹೆಂಗಸು. ಪಕ್ಕ ಅಲ್ಲ... ಮೇಲೆ. ಜಾಲರಿ ಮೇಲೆ ನಿಂತಿದಾಳೆ. ಸಣ್ಣ ವಯಸ್ಸು. ಹಸಿರು ಸೀರೆ, ಅರಿಶಿನ ಬಣ್ಣದ ಅಂಚು.

"ಅಣ್ಣಾ... ನಂದೂ ಒಂದ್ ಪಟ ಇಡೀತೀಯಾ?"

"ಹೆದರಿಕೆ ಆಗ್ಲಿಲ್ವೇನೋ?" ಅಂತ ಆಮೇಲೆ ನಾನು ಕೇಳ್ದೆ.

"ಆಗ್ಬೇಕಿತ್ತು ಅಂತ ಗೊತ್ತಾಯ್ತು. ಆಗ್ಲಿಲ್ಲ" ಅಂದ.

ಕ್ಯಾಮೆರಾನ ಸ್ಟ್ಯಾಂಡಿಗೆ ಹಾಕ್ದ. ಬೆಳಕು ಕಮ್ಮಿ ಇದ್ರೆ ಶಟರ್ ಸುಮಾರು ಹೊತ್ತು ತೆರೆದಿಡಬೇಕು. ಅಷ್ಟರಲ್ಲಿ ಎದುರಿಗಿರೋರು ಅಲ್ಲಾಡಿದ್ರೆ ಫೋಟೋದಲ್ಲಿ ಉಳಿಯಲ್ಲ.

"ಅಲ್ಲಾಡ್ಬೇಡಿ ಅಕ್ಕಾ" ಅಂದ.

"ಇಂಗೇ ನಿಂತ್ಕಂಡ್ರೆ ಸಾಕಾ?"

"ಸಾಕು."

ಚಕ್... ಶಟರ್ ತೆರೀತು. ಮೇಲೊಂದು ವಿಮಾನ ಹೋಯ್ತು. ನಾಯಿ ಬೊಗಳ್ತು. ಅವಳು ಅಲ್ಲಾಡ್ಲಿಲ್ಲ. ರೆಪ್ಪೆ ಬಡೀಲಿಲ್ಲ. ಗಾಳಿಗೆ ಆಲದ ಎಲೆ ಎಲ್ಲಾ ಅಲ್ಲಾಡ್ತಿದೆ, ಅವಳ ಸೆರಗು ಮಾತ್ರ ಅಲ್ಲಾಡ್ತಿಲ್ಲ... ಚಕ್.

"ಯಾರಿಗೆ ಕೊಡ್ಲಿ?"

"ಮನೇಲಿ ಕೊಡು." ಅನಂತರಾಜು ಮನೆ ಕಡೆ ಕೈ ತೋರಿಸಿದ್ಲು. "ಒಂದೂ ಇಲ್ಲ ನಂದು... ಮಗೀಗೆ ತೋರ್ಸಕ್ಕೂ ಇಲ್ಲ."

ಅವನು ಬಗ್ಗಿ ಸ್ಟ್ಯಾಂಡ್ ಮಡಚಿ ತಲೆ ಎತ್ತೋಷ್ಟರಲ್ಲಿ ಯಾರೂ ಇರ್ಲಿಲ್ಲ. ಅವನೇ ಹೋಗಿ ಜಾಲರಿ ಮೇಲೆ ಕಾಲಿಟ್ಟು ನೋಡಿದಾನೆ. ಕರ್ರ್ ಅಂತ ಬಗ್ಗಿತಂತೆ. ತುಕ್ಕು ಹಿಡಿದಿರೋ ಕಬ್ಬಿಣ. ಅವಳು ನಿಂತಾಗ ಒಂದು ಸದ್ದೂ ಇಲ್ಲ.

ಮಾರನೇ ದಿನ ಸ್ಟುಡಿಯೋದಲ್ಲಿ ನೋಡಿದ್ರೆ ಫೋಟೋದಲ್ಲಿ ಬಾವಿ ಇದೆ, ಹಿಂದೆ ದೂರದ ಬಿಲ್ಡಿಂಗ್ ಸಾಲು, ಕ್ರೇನ್ ದೀಪ... ಎಲ್ಲಾ ಇದೆ. ಅವಳಿಲ್ಲ. ಆದ್ರೂ ಪ್ರಿಂಟ್ ಹಾಕ್ದ. "ಕೇಳಿದಾಳೆ, ಕೊಟ್ಟುಬಿಡೋಣ" ಅಂದ. ನನ್ನನ್ನೂ ಕರ್ಕೊಂಡು ಹೋದ.

ಅನಂತರಾಜು ಜಗಲಿ ಮೇಲಿದ್ರು. ಅರವತ್ತರ ಹತ್ರ ವಯಸ್ಸು. ಪಕ್ಕದಲ್ಲಿ ಅವರಪ್ಪ ಪಿಳ್ಳಪ್ಪ, ಶಾಲು ಹೊದ್ದು ಕೂತಿದ್ರು.

"ನಿಮ್ಮನೆಯವರು ಒಬ್ರು ರಾತ್ರಿ ಫೋಟೋ ತೆಗೆಸ್ಕೊಂಡ್ರು ಸಾರ್. ಅವರು ಫೋಟೋದಲ್ಲಿ ಬಿದ್ದಿಲ್ಲ. ಇನ್ನೊಂದ್ಸಲ ಬರೋಕೆ ಹೇಳಿ" ಅಂದ ಉಜೈರ್.

"ನಮ್ಮನೆಯವರಾ? ಹೆಂಡ್ತಿ, ಮಗಳು ಮೋನಿಕಾ ಇಬ್ರೂ ಹುಣಸಮಾರನಹಳ್ಳಿಗೆ ಮದುವೆಗೆ ಹೋಗಿದಾರಲ್ಲಪ್ಪ." ಫೋಟೋ ನೋಡಿದ್ರು. "ಬರೀ ಬಾವಿ ಇದು."

ಪಿಳ್ಳಪ್ಪ ಕೈ ಚಾಚಿದ್ರು. ಫೋಟೋನ ಕಣ್ಣಿನ ಹತ್ರ ತಗೊಂಡ್ರು.

"ಈ ಚಳೀಲಿ ಯಾಕಪ್ಪ ನಿಲ್ಸಿದ್ದೆ ಇವಳ್ನ?"



ಉಜೈರ್ ಒಬ್ಬನೇ ಕೇಳಿದ್ದು. "ಯಾವ ಸೀರೆ ತಾತ?"

"ಅಸುರು. ಅರಿಶಿನದ ಅಂಚು. ಯಲಂಕದ ಸಂತೇಲಿ ನಾನೇ ತಂದಿದ್ದಲ್ವಾ."

ದೇವರಾಣೆ, ಸೀರೆ ವಿಷಯ ನಂಗೇ ಹೇಳಿರ್ಲಿಲ್ಲ ಅವನು. ನಂಗೆ ಗೊತ್ತಾಗಿದ್ದು ವಾಪಸ್ ಬರ್ತಾ ದಾರೀಲಿ.

ಅವಳು ಯಾರು ಅಂತ ಮುದುಕಪ್ಪನೇ ಹೇಳಿದ್ರು. ಮರಿಯಮ್ಮ ಅಂತ. ಪಿಳ್ಳಪ್ಪನ ಹೆಂಡ್ತಿ. ನೀರು ಸೇದೋವಾಗ ಕಾಲು ಜಾರಿ ಅದೇ ಬಾವಿಗೆ ಬಿದ್ದು ಹೋದೋರು. ಅನಂತರಾಜು ಆಗ ಇನ್ನೂ ತೊಟ್ಟಿಲ ಕೂಸು.

ಅನಂತರಾಜು ಆ ಫೋಟೋನ ಕಿತ್ಕೊಂಡ್ರು. ಬೆಳಕಿಗೆ ಹಿಡಿದ್ರು. ಕನ್ನಡಕ ತೆಗೆದ್ರು, ಹಾಕ್ಕೊಂಡ್ರು. "ನಂಗ್ಯಾಕೆ ಕಾಣ್ತಿಲ್ಲಪ್ಪ?" ಅಷ್ಟು ದೊಡ್ಡ ಮನುಷ್ಯ, ಮಕ್ಕಳ ತರ ಅಪ್ಪನ ಶಾಲು ಹಿಡ್ಕೊಂಡ್ರು. "ಎಲ್ಲಿ ನಿಂತವಳೆ? ತೋರ್ಸು."

ಪಿಳ್ಳಪ್ಪ ಬೆರಳಿಟ್ಟು ತೋರಿಸಿದ್ರು.

"ಮುಖ ಹೆಂಗಿದೆ? ಹೇಳಪ್ಪ."

"ಮೂಗು ನಮ್ ಮೋನಿಕಾದು," ಅಂದ್ರು ಮುದುಕಪ್ಪ. "ಕಣ್ಣು ನಿಂದು."

ಅನಂತರಾಜು ಆ ಖಾಲಿ ಜಾಗನೇ ನೋಡ್ತಾ ಕೂತ್ರು. ನಾವು ಎದ್ದು ಬಂದಿದ್ದೂ ಅವರಿಗೆ ಗೊತ್ತಾಗ್ಲಿಲ್ಲ.

ಬಾವಿ ಮುಚ್ಚಲಿಲ್ಲ. ಕಲ್ಲು ಮಣ್ಣೆಲ್ಲ ಲಾರೀಲಿ ತುಂಬಿಸಿ ವಾಪಸ್ ಕಳಿಸಿದ್ರು. ಉಜೈರ್ ಅವತ್ತೂ ಅಳಲಿಲ್ಲ, ಇವತ್ತಿಗೂ ಅತ್ತಿಲ್ಲ. "ಆ ಅಕ್ಕ ಕೇಳಿದ್ಲು, ತೆಗ್ದೆ" ಅಂತಾನೆ, ಅಷ್ಟೇ. ಈಗಲೂ ಅದೇ ದಾರೀಲಿ ಹೋಗ್ತಾನೆ. ಯಾರೂ ಕರೆದಿಲ್ವಂತೆ.

ಅನಂತರಾಜು ಆ ಫೋಟೋಗೆ ಕಟ್ಟು ಹಾಕ್ಸಿ ಮನೆಯ ಹಾಲ್‌ನಲ್ಲಿ ತೂಗುಹಾಕಿದಾರೆ. ನಂಬಿಕೆ ಇಲ್ದೋರು ನಾಳೆ ಬನ್ನಿ, ಕರ್ಕೊಂಡು ಹೋಗ್ತೀನಿ. ಬೆಳಿಗ್ಗೆ ಹೋಗ್ಬೇಕು. ಗಾಜಿನ ಮೇಲೆ ಹನಿ ಹನಿ ನೀರಿರುತ್ತೆ. ಗೋಡೆ ಒಣಗಿದೆ. ಪಕ್ಕದ ದೇವರ ಪಟ ಒಣಗಿದೆ. ಕಟ್ಟು ಬಿಚ್ಚಿಸಿ, ಒರೆಸಿ, ಹೊಸ ಗಾಜು ಹಾಕ್ಸಿದ್ರು. ಮತ್ತೆ ಹಂಗೇ.

ನಾನೇ ಮುಟ್ಟಿದೀನಿ ಕಣ್ರೋ. ಹನಿ ಮೇಲೆ ಬೆರಳಿಟ್ಟು ಎಳೆದೆ... ಬೆರಳು ಒದ್ದೆ ಆಗ್ಲಿಲ್ಲ.

ನೀರು ಗಾಜಿನ ಒಳಗಡೆ ಇದೆ.