ಹೊಳೆ ದಾಟಿದ ಪೇಟ

ಒಂದೂರಲ್ಲಿ ಒಬ್ಬ ಇದ್ದ, ಅದೇನದು, ಅದನ್ನ ಕಟ್ಟೋನು. ಗುಂಡಗಿರುತ್ತೆ. ಬಿದಿರಲ್ಲಿ ಹೆಣೀತಾರೆ, ಆದರೆ ಬುಟ್ಟಿ ಅಲ್ಲ. ನೀರಲ್ಲಿ ತೇಲುತ್ತೆ, ದೋಣಿ ಅಲ್ಲ, ತೆಪ್ಪವೂ ಅಲ್ಲ. ಹರಿ... ಹರಿ... ಹರಿವಾಣ? ಥೂ, ಹರಿವಾಣದಲ್ಲಿ ಊಟ ಮಾಡ್ತಾರೆ, ಹೊಳೆ ದಾಟ್ತಾರಾ? ನಗಬೇಡಿ. ಹೊಳೆ ಬಿಟ್ಟು ಬಂದು ಈ ನಲ್ಲಿ ನೀರಿನ ಊರಲ್ಲಿ ಕೂತರೆ ಮಾತೂ ಒಣಗುತ್ತೆ. ಹಾಂ, ಸಿಕ್ತು. ಹರಿಗೋಲು!

ಯಾವ ಕಾಲ ಅಂತ ಕೇಳಬೇಡಿ, ಯಾವ ಸೀಮೆ ಅಂತ ಕೇಳಬೇಡಿ. ಹೊಳೆ ಇತ್ತು, ಸೇತುವೆ ಇರಲಿಲ್ಲ. ಕತೆಗೆ ಅಷ್ಟು ಸಾಕು. ಹೊಳೆಯ ದಡದಲ್ಲಿ ಹರಿಗೋಲು ಕಟ್ಟೋರ ಕೇರಿ. ಬಿದಿರು ಸೀಳಿ ಹೆಣೆದು, ಮೇಲೆ ತೊಗಲು ಹೊದಿಸಿ, ರಾಳ ಕಾಸಿ ಬಳಿದು ಮಾರೋರು. ಕೇರಿಗೆಲ್ಲ ಯಜಮಾನ ಹಾಲಪ್ಪ.

ಆ ಕೇರೀಲಿ ಒಂದು ಪದ್ಧತಿ. ಹೊಸ ಹರಿಗೋಲು ನೀರಿಗಿಳಿದರೆ ಮೊದಲು ಯಜಮಾನನೇ ಅದರಲ್ಲಿ ಕೂರಬೇಕು. ಆಚೆ ದಡ ಮುಟ್ಟಿ ಬರಬೇಕು. ಆಮೇಲೇ ಕೊಂಡವರ ಕೈಗೆ ಹುಟ್ಟು ಕೊಡಬೇಕು.

ಈಗ ಕೇಳಿ, ಈ ಹಾಲಪ್ಪನಿಗೆ ನೀರು ಕಂಡರೆ ಹೆದರಿಕೆ! ಎಂಥ ಹೆದರಿಕೆ? ಬಚ್ಚಲ ಹಂಡೆ ತುಂಬಿದ್ದರೂ ಒಂದು ಹೆಜ್ಜೆ ಹಿಂದೆ ನಿಂತು ತಂಬಿಗೆ ಅದ್ದೋನು. ‘ಲೇ ಹಾಲಪ್ಪ, ಹರಿಗೋಲಿನ ಯಜಮಾನ ನೀನು! ಕೋಳಿಗೆ ಹೆದರೋ ನರಿ ಕಂಡಿದೀಯೇನೋ?’ ಅಂತ ತನ್ನನ್ನು ತಾನೇ ಹಂಗಿಸಿಕೊಳ್ಳೋನು. ಹಂಗಿಸಿಕೊಂಡರೆ ಹೆದರಿಕೆ ಹೋಗುತ್ತಾ?

ಅಪ್ಪ ಸತ್ತು ಯಜಮಾನಿಕೆ ಬಂತು. ಮೊದಲನೇ ಹರಿಗೋಲು ಇಳಿಯಿತು. ಹಾಲಪ್ಪನಿಗೆ ಹೊಟ್ಟೆನೋವು. ಎರಡನೇದು ಇಳಿಯಿತು. ಹಾಲಪ್ಪನಿಗೆ ಗಳಿಗೆ ಸರಿ ಇಲ್ಲ. ಮೂರನೇದು ಇಳಿಯಿತು. ಹೊಟ್ಟೆ ಚೆನ್ನಾಗಿತ್ತು, ಗಳಿಗೆಯೂ ಚೆನ್ನಾಗಿತ್ತು, ಜನ ಕಾಯುತ್ತಿದ್ದರು. ಆಗ ಹಾಲಪ್ಪ ತಲೆ ಮೇಲಿನ ಪೇಟ ತೆಗೆದ. ಹೆಂಡತಿ ತಮ್ಮ ಭರಮಣ್ಣನ ಕೈಲಿ ಕೊಟ್ಟು, “ಯಜಮಾನನ ಪೇಟ ಅಂದರೆ ಯಜಮಾನ ಇದ್ದ ಹಾಗೇ. ಇದನ್ನ ಕೂರಿಸಿಕೊಂಡು ಹೋಗಿ ಬಾರೋ” ಅಂದ.

ಪೇಟಕ್ಕೆ ಬೇಡ ಅನ್ನೋಕಾಗುತ್ತಾ? ಪೇಟ ಠೀವಿಯಿಂದ ಹೊಳೆ ದಾಟಿತು, ಠೀವಿಯಿಂದ ಬಂತು. ಅಂದಿನಿಂದ ಅದೇ ರೂಢಿ. ಪೇಟ ನೀರಮೇಲೆ, ಹಾಲಪ್ಪ ಮರದ ನೆರಳಲ್ಲಿ.

ಆದರೆ ಪೇಟಕ್ಕೆ ತೂಕ ಎಲ್ಲಿದೆ? ಹೆಣಿಗೆ ಕಿರ್ರ್ ಅಂದರೆ ಪೇಟ ಬಾಯಿ ಬಿಡಲ್ಲ. ತಳ ಒದ್ದೆಯಾದರೆ ಪೇಟ ಎದ್ದು ನಿಲ್ಲಲ್ಲ. ಹುಟ್ಟು ಹಾಕೋ ಭರಮಣ್ಣನಿಗೆ ಈಜು ಬರುತ್ತೆ, ಅವನಿಗೆ ಒದ್ದೆ ಲೆಕ್ಕಕ್ಕಿಲ್ಲ. ಕೇರಿಯವರಿಗೆ ಇದು ಮೆಲ್ಲಗೆ ಅರ್ಥವಾಯ್ತು. ಒಬ್ಬ ಹೆಣಿಗೆ ಸಡಿಲ ಬಿಟ್ಟ. ಇನ್ನೊಬ್ಬ ರಾಳಕ್ಕೆ ಬೂದಿ ಬೆರೆಸಿದ. “ಕೂರೋದು ಪೇಟ ತಾನೇ?” ಅಂದರು.

ಮಜ್ಜಿಗೆ ಮಾರೋ ಸಾಕವ್ವ ಒಂದು ಹರಿಗೋಲು ಕೊಂಡಳು. ಆಚೆ ಊರಿಗೆ ಮಜ್ಜಿಗೆ ಒಯ್ಯೋಳು. ಒಂದು ದಿನ ಮಾರಿ ಬರುವಾಗ ನಡುಹೊಳೆಯಲ್ಲಿ ತಳ ಬಿಟ್ಟುಕೊಂಡಿತು. ಖಾಲಿ ಗಡಿಗೆ ತಬ್ಬಿಕೊಂಡು ತೇಲಿ, ಎಲ್ಲೋ ದಡ ಹತ್ತಿ, ನೀರು ಸೋರುತ್ತಾ ನೇರ ಹಾಲಪ್ಪನ ಜಗಲಿಗೇ ಬಂದಳು.

“ಯಜಮಾನ್ರೇ, ನೀವು ಕೊಟ್ಟ ಹರಿಗೋಲು ಪೇಟಕ್ಕೆ ಲಾಯಕ್ಕಾಗಿದೆ. ನಾನು ಪೇಟ ಅಲ್ಲ, ಹೆಂಗಸು. ಮುಳುಗ್ತೀನಿ.”

ಹಾಲಪ್ಪ ಆ ನೀರು ತಾಗದ ಹಾಗೆ ಕಾಲು ಮೇಲೆತ್ತಿಕೊಂಡ. “ಬೇರೆ ಕಟ್ಟಿಸಿಕೊಡ್ತೀನಿ ಸಾಕವ್ವ.”

“ಅದರಲ್ಲಿ ಯಾರು ಕೂತು ತೋರಿಸ್ತಾರೆ? ನಿಮ್ಮ ಪಂಚೆಯಾ?”

ಮಾತು ಊರೂರಿಗೆ ಹೋಯ್ತು. ಹೊಳೆ ದಾಟೋರು ಸುತ್ತು ಬಳಸಿ, ಮೊಣಕಾಲುದ್ದ ನೀರಿರೋ ಮೇಲಿನ ಹಾಯಗಡಕ್ಕೆ ನಡೆದರೇ ಹೊರತು ಹರಿಗೋಲು ಕೇಳಲಿಲ್ಲ. ಕಟ್ಟಿದ್ದೆಲ್ಲ ದಡದಲ್ಲಿ ಬೋರಲು ಬಿದ್ದಿತ್ತು. ಕೋಳಿಗಳು ಅದರಡಿ ಮೊಟ್ಟೆ ಇಟ್ಟವು. ಕೇರಿಯವರು ಗಂಟುಮೂಟೆ ಕಟ್ಟೋ ಮಾತಾಡಿದರು. ಹಾಲಪ್ಪನ ಹೆಂಡತಿ ಕೆಂಚಮ್ಮ ಒಂದೇ ಮಾತು ಅಂದಳು: “ಊರು ಖಾಲಿ ಆದಮೇಲೆ ಯಾರಿಗೆ ಯಜಮಾನ ಆಗಿರ್ತೀರಿ? ಆ ಕೋಳಿಗಳಿಗಾ?”

ಹೀಗಿರುವಾಗ ಒಂದು ಬೆಳಗ್ಗೆ ವಾಲಗದ ಸದ್ದು. ದೂರದ ಸೀಮೆಯ ಸಾಹುಕಾರನೊಬ್ಬ ಮಗನ ದಿಬ್ಬಣ ತಂದಿದ್ದ. ಆಚೆ ದಡದಲ್ಲಿ ಹೆಣ್ಣಿನ ಮನೆ, ಮುಹೂರ್ತ ಹತ್ತಿರ, ಹಾಯಗಡಕ್ಕೆ ಸುತ್ತೋಕೆ ಹೊತ್ತಿಲ್ಲ. ಪಾಪ, ಅವನಿಗೆ ಸಾಕವ್ವನ ಸುದ್ದಿ ಗೊತ್ತಿಲ್ಲ.

“ಇರೋ ಹರಿಗೋಲೆಲ್ಲ ಕೊಡಪ್ಪ, ಕೇಳಿದ್ದು ಕೊಡ್ತೀನಿ” ಅಂದ.

ಕೇರಿಗೆ ಜೀವ ಬಂತು. ಭರಮಣ್ಣ ಓಡಿ ಬಂದ. “ಭಾವ, ಬೇಗ ಪೇಟ ಕೊಡು!”

ಹಾಲಪ್ಪನ ಕೈ ತಲೆಗೆ ಹೋಯ್ತು. ಅಲ್ಲೇ ನಿಂತಿತು. ಬಾಸಿಂಗ ಕಟ್ಟಿದ ಹುಡುಗ ಎದುರಿಗೆ ನಗುತ್ತಾ ನಿಂತಿದ್ದಾನೆ. ದಿಬ್ಬಣದ ಹಿಂದೆ ಸಾಕವ್ವ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದಾಳೆ.

“ಪೇಟ ಬೇಡ ಕಣೋ” ಅಂದ ಹಾಲಪ್ಪ. “ನಾನೇ ಕೂರ್ತೀನಿ.”

ಭರಮಣ್ಣ ಹುಟ್ಟು ತರೋಕೆ ಓಡಿದ.

ಕೂರ್ತೀನಿ ಅಂದದ್ದೇನೋ ಅಂದ. ಆದರೆ ಹತ್ತೋ ಮೊದಲು ಒಂದೊಂದೇ ಹರಿಗೋಲು ಮಗುಚಿ ನೋಡಿದ. ಹೆದರಿದವನ ಕಣ್ಣು, ಸಾಸಿವೆ ಕಾಳಷ್ಟು ತೂತನ್ನೂ ಬಿಡಲಿಲ್ಲ. ಹೆದರಿದವನ ಬೆರಳು, ಹೆಣಿಗೆಯ ಸಂದಿ ಸಂದಿಗೂ ಹೋಯ್ತು. ರಾಳ ಕೆರೆದು ಮೂಸಿದ. “ಇದರಲ್ಲಿ ಬೂದಿ. ಇದು ಬೇಡ. ಇದು ಸಡಿಲ. ಬೇಡ. ಇದನ್ನ ಕಟ್ಟಿದೋನು ಯಾರೋ? ನೀನೇ ಕೂತ್ಕೋ ಹೋಗು!” ಕಟ್ಟಿದೋನು ಹಿಂದೆ ಸರಿದ. ಕೊನೆಗೆ ಉಳಿದದ್ದು ಒಂದೇ ಒಂದು.

ಸಾಹುಕಾರ ರೇಗಿದ. “ಇಷ್ಟೊಂದು ಇಟ್ಟುಕೊಂಡು ಒಂದೇ ಕೊಡ್ತೀಯಾ? ಮುಹೂರ್ತ ಮೀರುತ್ತೆ!”

“ಮೀರಲಿ ಸ್ವಾಮಿ. ಉಳಿದವುಗಳಲ್ಲಿ ನಾನು ಕೂರಲ್ಲ. ನಾನು ಕೂರದೇ ಇರೋದರಲ್ಲಿ ನಿಮ್ಮ ಮಗ ಯಾಕೆ ಕೂರಬೇಕು?”

ಅಂದವನೇ ಕಣ್ಣು ಮುಚ್ಚಿ ಹತ್ತಿದ. ಭರಮಣ್ಣ ಹುಟ್ಟು ಹಾಕಿದ. ಹರಿಗೋಲು ಒಂದು ಸುತ್ತು ತಿರುಗಿತು ನೋಡಿ, ಹಾಲಪ್ಪ ಕಿರುಚಿದ! ವಾಲಗದವರು ಊದೋದು ನಿಲ್ಲಿಸಿದರು. “ಅಯ್ಯಯ್ಯೋ ಕೆಂಚೀ, ನಾನು ಸತ್ತೆ! ಭರಮಾ, ನಿನ್ನ ಕಾಲಿಗೆ ಬೀಳ್ತೀನಿ, ಮೆಲ್ಲಗೆ! ಅಮ್ಮಾ, ಮೀನು ನನ್ನನ್ನೇ ನೋಡ್ತಿದೆ!” ಹೋಗುವಾಗಲೂ ಕಿರುಚಿದ, ಬರುವಾಗಲೂ ಕಿರುಚಿದ. ದಡಕ್ಕೆ ಬಂದು ಮರಳನ್ನು ತಬ್ಬಿಕೊಂಡು ಮಲಗಿದ. ಪೇಟ ಬಿಚ್ಚಿ ಕೊರಳಿಗೆ ಸುತ್ತಿಕೊಂಡಿತ್ತು.

ದಿಬ್ಬಣವೆಲ್ಲ ಬಿದ್ದು ಬಿದ್ದು ನಕ್ಕಿತು. ಸಾಹುಕಾರ ಹೊಟ್ಟೆ ಹಿಡಿದುಕೊಂಡು, “ಇಂಥ ಪುಕ್ಕಲನಾ ನಿಮ್ಮ ಯಜಮಾನ?” ಅಂದ.

ಹಾಲಪ್ಪ ಮರಳಿಂದ ತಲೆ ಎತ್ತಿ, “ಹೌದು ಸ್ವಾಮಿ, ನಾನೇ ಆ ಪುಕ್ಕಲ. ಇಷ್ಟು ದಿನ ಪೇಟದ ಹಿಂದೆ ಅವಿತಿದ್ದೆ” ಅಂದ.

ಆಗ ಸಾಕವ್ವ ಮುಂದೆ ಬಂದಳು. ಸೀರೆ ನೆರಿಗೆ ಎತ್ತಿ ಕಟ್ಟಿ, ಎಲ್ಲರಿಗಿಂತ ಮೊದಲು ಆ ಹರಿಗೋಲಿಗೆ ಕಾಲಿಟ್ಟಳು.

“ನಗ್ತೀರಾ ಸಾಹುಕಾರ್ರೇ? ಧೈರ್ಯಸ್ಥ ಕೂತಿದ್ದರೆ ನಾನು ಹತ್ತುತ್ತಿರಲಿಲ್ಲ. ಧೈರ್ಯಸ್ಥ ತೂತಿದ್ದರೂ ಕೂರ್ತಾನೆ. ಇಷ್ಟು ಹೆದರೋನು ಕೂತು ಬಂದಿದ್ದಾನಲ್ಲ, ಇದಕ್ಕಿಂತ ಗಟ್ಟಿ ಹರಿಗೋಲು ಎಲ್ಲಿದೆ? ನಡೀರಿ, ಹುಡುಗನ್ನ ಕೂರಿಸಿ.”

ಸಾಹುಕಾರ ನಗು ನಿಲ್ಲಿಸಿದ. ಮಗನನ್ನು ಕೂರಿಸಿದ. ಆ ಒಂದೇ ಹರಿಗೋಲು ಹೋಗಿ ಬಂದು, ಹೋಗಿ ಬಂದು, ಮುಹೂರ್ತಕ್ಕೆ ಸರಿಯಾಗಿ ದಿಬ್ಬಣ ದಾಟಿತು. ಬೇಡ ಅಂದದ್ದನ್ನೆಲ್ಲ ಕೇರಿಯವರು ಅಂದೇ ಬಿಚ್ಚಿ ಹೊಸದಾಗಿ ಹೆಣೆಯೋಕೆ ಕೂತರು. ಆಮೇಲೆ ಆ ಸೀಮೆಯಲ್ಲಿ ಹರಿಗೋಲು ಕೊಳ್ಳೋರು ಕೇಳುತ್ತಿದ್ದದ್ದು ಒಂದೇ: “ಇದರಲ್ಲಿ ಹಾಲಪ್ಪ ಕಿರುಚಿದ್ದಾನಾ?”

ಅವರು ಬಾಸಿಂಗ ನೆನೆಯದೆ ಆಚೆ ದಡ ಸೇರಿದರು, ನಾವು ಗಂಟಲು ಒಣಗಿಸಿಕೊಂಡು ಈಚೆ ದಡದಲ್ಲೇ ಉಳಿದೆವು. ಕತೆ ಅಲ್ಲಿಗೆ ಹೋಯ್ತು, ನಾವು ಇಲ್ಲಿದ್ದೇವೆ.

ಕೂಸೇ, ಪೆನ್ನು ತಗೋ, ಈಗಲೇ ಬರ್ಕೋ. ಅವನು ಹೆದರಿದ್ದನ್ನ ಹೆದರಿದ ಹಾಗೇ ಬರಿ. ನನ್ನ ಬಾಯಲ್ಲೇ ಬಿಟ್ಟರೆ ಇನ್ನೊಂದು ಸಲ ಹೇಳೋವಾಗ ಹಾಲಪ್ಪನ್ನ ಧೈರ್ಯಸ್ಥ ಮಾಡಿಬಿಡ್ತೀನಿ. ಆಮೇಲೆ ಅವನ ಹರಿಗೋಲು ಯಾರು ಕೊಳ್ತಾರೆ?