ಓರಗಿತ್ತಿಯ ಸಡಿಲ ನೂಲು

ಈ ಸಭೆಯ ಅಧ್ಯಕ್ಷತೆ ವಹಿಸಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ಬಣ್ಣದ ಅಂಗಡಿಯ ಯಜಮಾನರೇ, ನಮ್ಮ ನೂಲು-ಹೆಣಿಗೆ ಬಳಗದ ಗೆಳತಿಯರೇ, ಹೆಂಡತಿಯರನ್ನು ಕರೆದೊಯ್ಯಲು ಬಂದು ಬಾಗಿಲ ಬಳಿ ಸಿಕ್ಕಿಬಿದ್ದಿರುವ ಗಂಡಂದಿರೇ ಮತ್ತು ಸಭಿಕರೇ,

ಇಂದು ನಾವು ಸನ್ಮಾನಿಸುತ್ತಿರುವವರು, ನಾಳೆ ಬೆಳಿಗ್ಗೆ ಈ ಊರು ಬಿಟ್ಟು ಹೋಗುತ್ತಿರುವವರು, ನನ್ನ ಓರಗಿತ್ತಿ. ನನ್ನ ಗಂಡನ ಅಣ್ಣನ ಹೆಂಡತಿ. ಅವರ ಬಗ್ಗೆ ಎರಡು ಮಾತಾಡಬೇಕೆಂದು ಕಾರ್ಯದರ್ಶಿ ಕೇಳಿದಾಗ ನಾನು, "ಅಕ್ಕನ ಹತ್ರ ಮಾತು ಬಿಟ್ಟಿದೀನಿ ಕಣೇ, ಅವಳ ಬಗ್ಗೆ ಏನಂತ ಮಾತಾಡ್ಲಿ?" ಅಂದೆ. ಕಾರ್ಯದರ್ಶಿ ಜಾಣೆ. "ಅವರ ಹತ್ರ ಬೇಡ ಬಿಡಿ, ಮೈಕ್ ಹತ್ರ ಮಾತಾಡಿ" ಅಂದಳು. ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಮೇಲೆ ಅಡುಗೆ ಮಾಡಿಕೊಂಡು, ಮದುವೆಯ ಸುದ್ದಿ ತಿಳಿದಂದಿನಿಂದ ನಾನು ಅವರೊಂದಿಗೆ ತುಟಿ ಬಿಚ್ಚಿಲ್ಲ. ಹೌದು, ಮದುವೆ. ಸನ್ಮಾನಿತರು ಈ ವಯಸ್ಸಿನಲ್ಲಿ ಮದುವೆಯಾಗಲು ಹೊರಟಿದ್ದಾರೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ನಡುವೆ ನನಗೆ ಅಡ್ಡಿಯಾಗಬಾರದು.

ಮಾನ್ಯರೇ, ನಮ್ಮ ಮನೆಯ ಹಿಂದಿನ ಕೋಣೆಯನ್ನು ನೀವು ನೋಡಿಲ್ಲ. ಪಶ್ಚಿಮಕ್ಕೆ ಒಂದೇ ಕಿಟಕಿ. ಮಧ್ಯಾಹ್ನ ಇಳಿಯುತ್ತಿದ್ದಂತೆ ಬಿಸಿಲು ನೆಲದ ಮೇಲೆ ಸರಿದು, ಗೋಡೆ ಹತ್ತಿ, ಉಣ್ಣೆಯ ಚೀಲಗಳ ಮೇಲೆ ಮಲಗುತ್ತದೆ. ಗಾಳಿಯಲ್ಲಿ ಉಣ್ಣೆಯ ಸಣ್ಣ ಸಣ್ಣ ಎಳೆಗಳು ಇಳಿಯುವ ಮನಸ್ಸಿಲ್ಲದೆ ತೇಲುತ್ತಿರುತ್ತವೆ. ಕಿಟಕಿಯ ಬಳಿ ನನ್ನ ಓರಗಿತ್ತಿಯ ರಾಟೆ. ಪಾದ ಮೇಲೆ ಕೆಳಗೆ ಆಡುತ್ತದೆ, ಚಕ್ರ ಗುಂಯ್ ಎನ್ನುತ್ತದೆ, ಬೆರಳ ತುದಿಯಿಂದ ಇಲ್ಲದ ನೂಲು ಇದ್ದಕ್ಕಿದ್ದಂತೆ ಇದೆ ಎನ್ನಿಸಿಕೊಳ್ಳುತ್ತದೆ. ಎದುರಿಗೆ ನಾನು, ಕಡ್ಡಿ ಹಿಡಿದು ಲೇಸ್ ಹೆಣೆಯುತ್ತಾ. ಅಲ್ಲಿ ಕುಳಿತರೆ ಎಚ್ಚರವೋ ನಿದ್ದೆಯೋ ತಿಳಿಯುವುದಿಲ್ಲ. ಎಷ್ಟೋ ಸಲ ಕಣ್ಣು ಬಿಟ್ಟಾಗ ಕೋಣೆ ಕತ್ತಲಾಗಿರುತ್ತಿತ್ತು, ಶಾಲು ಮಾತ್ರ ಗೇಣುದ್ದ ಬೆಳೆದಿರುತ್ತಿತ್ತು. ಅದನ್ನು ಯಾರು ಹೆಣೆದರು ಎಂದು ನನ್ನ ಕೈಗಳನ್ನೇ ಕೇಳಬೇಕು.

ನನ್ನ ಗಂಡ ಇದ್ದಾಗ ಹೇಳುತ್ತಿದ್ದರು, "ದಿನವೆಲ್ಲಾ ಕೂತು ಬರೀ ತೂತು ಮಾಡ್ತೀಯಲ್ಲೇ!" ಲೇಸ್ ಎಂದರೆ ತೂತೇ, ಒಪ್ಪುತ್ತೇನೆ. ಆದರೆ ತೂತು ನಿಲ್ಲಬೇಕಾದರೆ ಸುತ್ತಲಿನ ನೂಲು ಗಟ್ಟಿಯಿರಬೇಡವೇ? ಆ ನೂಲು ನನಗೆ ಕೊಟ್ಟವರು ಯಾರು? ಅಣ್ಣ ತಮ್ಮ ಇಬ್ಬರೂ ಒಬ್ಬರ ಹಿಂದೆ ಒಬ್ಬರು ತೀರಿಹೋದ ಮೇಲೆ ಆ ಮನೆಯಲ್ಲಿ ನನಗೆ ಅನ್ನ ಬೇಡವಾದ ದಿನಗಳಿದ್ದವು. ನನ್ನ ಓರಗಿತ್ತಿ ಉಪದೇಶ ಮಾಡಲಿಲ್ಲ. ನೂಲಿನ ಉಂಡೆಯೊಂದನ್ನು ನನ್ನ ಮಡಿಲಿಗೆ ಹಾಕಿ, "ಕೈಗೆ ಕೆಲಸ ಕೊಡು, ಹೊಟ್ಟೆ ತಾನಾಗೇ ಕೇಳುತ್ತೆ" ಅಂದರು. ಹಾಗೆಯೇ ಆಯಿತು.

ಇಲ್ಲಿ ನೂಲುವವರಿಗೆ ಗೊತ್ತು, ನೂಲು ಬಾಯಿಬಡುಕ. ಕೋಪವಿದ್ದರೆ ಎಳೆ ಅತಿಯಾಗಿ ತಿರುಚಿಕೊಂಡು, ಹುರಿ ಹೆಚ್ಚಾಗಿ ಗಂಟು ಗಂಟಾಗುತ್ತದೆ. ಮನಸ್ಸು ಎಲ್ಲೋ ಹೋದರೆ ಪಾದ ನಿಧಾನವಾಗಿ, ಹುರಿ ಸಾಲದೆ ನೂಲು ಮೆತ್ತಗಾಗುತ್ತದೆ. ಕಳೆದ ಚಳಿಗಾಲದಲ್ಲಿ ನನ್ನ ಕೈಗೆ ಬಂದ ಉಂಡೆಗಳು ಹಾಗಿದ್ದವು. ಕಡ್ಡಿಗೆ ಏರಿಸಿದರೆ ಉಬ್ಬುತ್ತವೆ, ಸ್ವಲ್ಪ ಎಳೆದರೆ ಎಳೆಎಳೆಯಾಗಿ ಬಿಚ್ಚಿಕೊಳ್ಳುತ್ತವೆ. "ಅಕ್ಕಾ, ಹುರಿ ಸಾಲ್ದು" ಎಂದರೆ, "ಹೌದೇನೇ?" ಎಂದು ಕಿಟಕಿಯ ಆಚೆ ನೋಡುತ್ತಾ ಕೂರುತ್ತಿದ್ದರು. ಅಕ್ಕನ ಕೈಯ ಬಲ ಹೋಗುತ್ತಿದೆ, ನರದ ಕಾಯಿಲೆ ಏನೋ ಶುರುವಾಗಿದೆ ಎಂದುಕೊಂಡೆ. ಬೇಡ ಬೇಡ ಎಂದರೂ ಬಿಡದೆ, ಸಾಕ್ಷಿಗೆ ಮೂರು ಉಂಡೆ ನೂಲನ್ನೂ ಚೀಲಕ್ಕೆ ಹಾಕಿಕೊಂಡು ಡಾಕ್ಟರ ಬಳಿಗೆ ಎಳೆದುಕೊಂಡು ಹೋದೆ. ಡಾಕ್ಟರು ನೂಲನ್ನು ನೋಡಿದರು, ನನ್ನನ್ನು ನೋಡಿದರು. ಅಕ್ಕನಿಗೆ ತಮ್ಮ ಬೆರಳನ್ನು ಹಿಂಡಲು ಹೇಳಿ, "ಅಯ್ಯಯ್ಯೋ ಸಾಕಮ್ಮಾ, ಬಿಡಿ!" ಅಂದರು. ಕೊನೆಗೆ ರಕ್ತದೊತ್ತಡ ಇದ್ದದ್ದು ನನಗೆ.

ದಾರಿಯಲ್ಲಿ ನನ್ನ ಓರಗಿತ್ತಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು, ಕಣ್ಣೊರೆಸಿಕೊಂಡು, "ಕಾಯಿಲೆ ಅಲ್ಲ ಕಣೇ, ಬಡಗಿಯವರು" ಅಂದರು.

ಬಡಗಿಯವರು! ನಮ್ಮ ರಾಟೆ ರಿಪೇರಿಗೆ ಬರುವವರು. ಅವರ ಊರು ಬಸ್ಸಿನಲ್ಲಿ ಅರ್ಧ ದಿನದ ದಾರಿ. ಒಂದು ತಿರುಪು ಬಿಗಿಮಾಡಲು ಅರ್ಧ ದಿನ ಬಸ್ಸಿನಲ್ಲಿ ಕುಳಿತು ಯಾರು ಬರುತ್ತಾರೆ, ಸಭಿಕರೇ? ಅಂಥ ಗಟ್ಟಿಮುಟ್ಟಾದ ರಾಟೆ ಯಾಕಷ್ಟು ಸಲ ಕೆಡಬೇಕು? ಕಾಫಿ ಮಾಡಿ ಕೊಟ್ಟವಳು ನಾನು. ಸಕ್ಕರೆ ಸಾಕೇ ಎಂದು ವಿಚಾರಿಸಿದವಳೂ ನಾನೇ. ನನ್ನ ತಲೆಗೆ ಏನೂ ಹೊಳೆಯಲಿಲ್ಲ.

ಅಂದಿನಿಂದ ನಾನು ಮಾತು ಬಿಟ್ಟೆ. ಯಾಕೆ ಎಂದು ಕೇಳಬೇಡಿ. ಕೇಳದಿದ್ದರೂ ಹೇಳುತ್ತೇನೆ, ಹೆದರಿಕೆ. ಆ ಕೋಣೆಯಲ್ಲಿ ಒಬ್ಬಳೇ ಕೂರಬೇಕಲ್ಲ ಎಂಬ ಹೆದರಿಕೆ. ಕೋಪ ಅಂತ ಹೇಳಿಕೊಂಡು ಓಡಾಡಿದರೆ ಸ್ವಲ್ಪ ಮರ್ಯಾದೆ ಉಳಿಯುತ್ತದೆ. ನನ್ನ ಓರಗಿತ್ತಿಯೂ ಮಾತಾಡೆಂದು ಬಲವಂತ ಮಾಡಲಿಲ್ಲ. ಬೆಳಿಗ್ಗೆ ಎದ್ದರೆ ನನ್ನ ಕುರ್ಚಿಯ ಮೇಲೆ ಒಂದು ಉಂಡೆ ಇರುತ್ತಿತ್ತು, ಅದೇ ಮೆತ್ತನೆಯ ನೂಲು. ನಾನು ಮುಖ ತಿರುಗಿಸಿಕೊಂಡೇ ಅದನ್ನು ಹೆಣೆದೆ. ಹೆಣೆಯುತ್ತಾ ಹೆಣೆಯುತ್ತಾ ಅದು ಮದುವೆಯ ಶಾಲಾಯಿತು.

ಲೇಸ್ ಶಾಲು ಕಡ್ಡಿಯಿಂದ ಇಳಿದಾಗ ಮುದುಡಿದ ಒರೆಸುವ ಬಟ್ಟೆಯ ಹಾಗಿರುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ಹಾಸಿಗೆಯ ಮೇಲೆ ಹರಡಿ, ಆ ಕಡೆ ಒಬ್ಬರು ಈ ಕಡೆ ಒಬ್ಬರು ನಿಂತು ಎಳೆದು, ಅಂಚಿಗೆಲ್ಲ ಪಿನ್ನು ಚುಚ್ಚಿ ಒಣಗಿಸಬೇಕು. ಆಗಲೇ ಹೂವು ಎಲೆ ಎಲ್ಲ ಕಣ್ಣು ಬಿಡುವುದು. ಇಷ್ಟು ವರ್ಷ ಆ ಕಡೆ ನಿಲ್ಲುತ್ತಿದ್ದವರು ಅಕ್ಕ. ಅವರದೇ ಶಾಲಿಗೆ ಅವರನ್ನೇ ಕರೆಯುವುದು ಹೇಗೆ? ಕಳೆದ ವಾರ ಸಾಮಾನು ಕಟ್ಟಲು ಬಡಗಿಯವರು ಬಂದಿದ್ದರು, ಅಕ್ಕ ಪೇಟೆಗೆ ಹೋಗಿದ್ದರು. "ಸ್ವಲ್ಪ ಬನ್ನಿ, ಇದನ್ನ ಹಿಡ್ಕೊಳ್ಳಿ" ಅಂದೆ. ಸಭಿಕರೇ, ಮನಸ್ಸಿನಲ್ಲಿದ್ದದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಹುರಿ ಸಾಲದ ನೂಲು, ನೀರು ಕುಡಿದಿದೆ. ಮರ ಎಳೆದು ಅಭ್ಯಾಸವಾದ ಕೈ ಒಂದು ಚೂರು ಹೆಚ್ಚು ಎಳೆದರೂ ಹರಿಯುತ್ತದೆ. ಹರಿಯಲಿ, ಇವನ ಕೈಗೆ ನಮ್ಮಕ್ಕನನ್ನು ಕೊಡುವುದು ಹೇಗೆ ಎಂದು ಊರಿಗೆಲ್ಲ ತೋರಿಸುತ್ತೇನೆ ಎಂದುಕೊಂಡೆ. ನಾನು ಎಳೆದೆ. ಅವರು ಎಳೆಯಲಿಲ್ಲ. ಎರಡು ಬೆರಳಲ್ಲಿ ಅಂಚು ಹಿಡಿದು, ನಾನು ಎಳೆದಷ್ಟಕ್ಕೆ ತಡೆದು ನಿಂತರು. ನಾನು ಮತ್ತೂ ಎಳೆದೆ. ಅವರು ನನ್ನ ಕಡೆಗೆ ಒಂದು ಹೆಜ್ಜೆ ಬಂದರು, ಸಡಿಲ ಬಿಟ್ಟರು. "ಇದು ಇಷ್ಟೇ ಬರೋದು ಕಣಮ್ಮಾ. ನೀವು ಸಿಟ್ಟು ಮಾಡ್ಕೊಂಡು ಎಳೀತಿದೀರಿ" ಅಂದರು. ನಾನು ಹಾಸಿಗೆಯ ಅಂಚಿನಲ್ಲಿ ಕುಳಿತು ಅತ್ತೆ. ಅವರು ಪಿನ್ನು ಚುಚ್ಚುತ್ತಾ ಹೋದರು.

ಇವತ್ತು ಬೆಳಿಗ್ಗೆ ಎದ್ದರೆ ಕುರ್ಚಿಯ ಮೇಲೆ ಉಂಡೆ ಇರಲಿಲ್ಲ. ಕುರ್ಚಿಯ ಪಕ್ಕಕ್ಕೆ ರಾಟೆಯನ್ನೇ ತಂದಿಟ್ಟಿದ್ದರು, ಧೂಳು ಒರೆಸಿ, ಎಣ್ಣೆ ಹಾಕಿ. ನನಗೆ ಬಿಟ್ಟು ಹೋಗುತ್ತಾರಂತೆ.

ಒಂದು ಮನೆಯ ಜಗಳವನ್ನು ಸಭೆಯ ಭಾಷಣವೆಂದು ಇಷ್ಟು ತಾಳ್ಮೆಯಿಂದ ಕೇಳಿದ ಅಧ್ಯಕ್ಷರಿಗೆ, ಅತಿಥಿಗಳಿಗೆ, ನಿಮಗೆಲ್ಲರಿಗೆ ನಾನು ಋಣಿ. ಇನ್ನೊಂದೇ ಮಾತಿದೆ. ಅದು ಸಭೆಗಲ್ಲ.

ಅಕ್ಕಾ, ಆ ರಾಟೆ ತಗೊಂಡು ಹೋಗು. ಅದು ಅಲ್ಲೇ ಇದ್ರೆ ನೀನು ಪೇಟೆಗೆ ಹೋಗಿದೀಯ, ಈಗ ಬಂದು ಕೂರ್ತೀಯ ಅಂತ ನಾನು ದಿನಾ ಕಾಯ್ತೀನಿ. ನನ್ನ ಕೈಲಿ ಅದಾಗಲ್ಲ. ಏಳು, ಬಾ ಇಲ್ಲಿ, ಶಾಲು ಹೊದಿಸ್ತೀನಿ. ಸ್ವಲ್ಪ ಬಗ್ಗು. ಅಳಬೇಡ ಕಣಕ್ಕಾ, ಒದ್ದೆ ಆಗುತ್ತೆ. ಮತ್ತೆ ಎಳೆದು ಒಣಗಿಸೋಕೆ ನಾಳೆಯಿಂದ ಆ ಕಡೆ ಯಾರೂ ಇಲ್ಲ ನಂಗೆ.

ಎಲ್ಲರಿಗೂ ನಮಸ್ಕಾರ.