ತಿರುಗಿ ಬಂದವನೇ ತಮ್ಮ

ಅಧ್ಯಕ್ಷರಾದ ಅಂಬಣ್ಣನವರೇ, ಕಮಲಾಪುರ ಓದುಗರ ಬಳಗದ ಕಾರ್ಯದರ್ಶಿ ಸಂಘಮಿತ್ರಾ ಅವರೇ, ಊಟದ ವಾಸನೆ ಬರುತ್ತಿದ್ದರೂ ಎದ್ದು ಹೋಗದ ಸಭಿಕರೇ, ಮತ್ತು ಬಾಗಿಲ ಪಕ್ಕ ನನ್ನ ಮುಖ ನೋಡದೆ ಕುಳಿತಿರುವ ಬುರ್ಹಾನುದ್ದೀನನೇ,

ನಾನು ಹಮೀದ್. ಕಲಬುರಗಿಯ ಸೇಡಂ ರಸ್ತೆಯಲ್ಲಿ ಔಷಧದ ಅಂಗಡಿ ಇಟ್ಟವನು. ಸಾಪೇಕ್ಷತಾ ಸಿದ್ಧಾಂತದ ಬಗ್ಗೆ ಮಾತಾಡಲು ನನ್ನನ್ನೇ ಏಕೆ ಕರೆದರು? ಬಳಗದಲ್ಲಿ ಆ ಸಿದ್ಧಾಂತದ ಪುಸ್ತಕವನ್ನು ಕೊನೆಯವರೆಗೆ ಓದಿದವನು ನಾನೊಬ್ಬನೇ ಅಂತೆ. ಅರ್ಥವಾಯಿತೇ ಎಂದು ಯಾರೂ ಕೇಳಲಿಲ್ಲ, ಪುಣ್ಯ!

ಇವತ್ತು ಬೆಳಿಗ್ಗೆ ಇಲ್ಲಿಗೆ ಬರಲು ಹುಮನಾಬಾದ್ ಬಸ್ಸಿನ ಕಿಟಕಿಯ ಪಕ್ಕ ಕೂತಿದ್ದೆ. ಬಸ್ಸು ಹೊರಟಿತು ಎಂದು ಬಿಸ್ಮಿಲ್ಲಾ ಅಂದೆ. ನೋಡಿದರೆ ಹೊರಟದ್ದು ಪಕ್ಕದ ಬಸ್ಸು. ಒಂದೇ ವೇಗದಲ್ಲಿ ನೇರವಾಗಿ ಸಾಗುವವರೆಗೆ 'ನಾನು ನಿಂತಿದ್ದೇನೆ, ನೀನೇ ಚಲಿಸುತ್ತಿದ್ದೀಯ' ಎಂದು ಇಬ್ಬರೂ ಹೇಳಬಹುದು, ಇಬ್ಬರ ಮಾತೂ ಸರಿ, ಎನ್ನುತ್ತದೆ ಸಿದ್ಧಾಂತ. ನಿಜಕ್ಕೂ ನಿಂತವನು ಯಾರೆಂದು ತೀರ್ಪು ಕೊಡುವವರು ಯಾರೂ ಇಲ್ಲ.

ಇದನ್ನು ಓದಿ ನನಗೆ ಬಹಳ ಖುಷಿಯಾಯಿತು. ಏಕೆಂದರೆ ಬುರ್ಹಾನುದ್ದೀನ್ ಮತ್ತು ನಾನು ಅವಳಿ. ಮೊದಲು ಹುಟ್ಟಿದವರು ಯಾರು? ಸೂಲಗಿತ್ತಿ ಹೇಳದೆ ಹೋದಳು. ಅಮ್ಮಿಯನ್ನು ಕೇಳಿದರೆ, "ಇಬ್ಬರೂ ಕೂಡೇ ಬೊಬ್ಬೆ ಹೊಡದ್ರಿ, ನನಗೇನ್ ಗೊತ್ತೋ!" ಎನ್ನುತ್ತಿದ್ದಳು. ಹಬ್ಬದ ನಮಾಜ್ ಮುಗಿಸಿ ತಮ್ಮನಾದವನು ಅಣ್ಣನ ಮನೆಗೆ ಹೋಗಿ ಸಲಾಂ ಹೇಳುವುದು ನಮ್ಮ ಮನೆತನದ ಪದ್ಧತಿ. ಅಮ್ಮಿ ಇರುವವರೆಗೆ ಇಬ್ಬರೂ ಅವಳ ಬಳಿಗೇ ಹೋಗುತ್ತಿದ್ದೆವು. ಅವಳು ತೀರಿಕೊಂಡ ಮೇಲೆ? ನಾನು ಕಲಬುರಗಿಯಲ್ಲಿ ಹೊಸ ಅಂಗಿ ಹಾಕಿಕೊಂಡು ತಮ್ಮ ಬರಲಿ ಎಂದು ಕೂತೆ. ಇವನು ಕಮಲಾಪುರದಲ್ಲಿ ಅತ್ತರು ಹಚ್ಚಿಕೊಂಡು ತಮ್ಮ ಬರಲಿ ಎಂದು ಕೂತ. ಎರಡೂ ಮನೆಯಲ್ಲಿ ಶೀರ್ ಖುರ್ಮಾ ಪಾಯಸ ಆರಿ ಕೆನೆಗಟ್ಟಿತು. ಮುಂದಿನ ಹಬ್ಬಕ್ಕೂ ಅದೇ, ಅದರ ಮುಂದಿನದಕ್ಕೂ ಅದೇ. ನನ್ನ ಮಕ್ಕಳು ಅವನನ್ನು ಚಾಚಾ, ಅಂದರೆ ಚಿಕ್ಕಪ್ಪ, ಎನ್ನುತ್ತಾರೆ. ಅವನ ಮಕ್ಕಳೂ ನನ್ನನ್ನು ಚಾಚಾ ಎನ್ನುತ್ತಾರೆ! ನಗಬೇಡಿ. ಇದು ನಗುವ ಮಾತಲ್ಲ.

ನಾಳೆ ನನ್ನ ಮಗಳು ಆಸ್ಫಿಯಾಳ ನಿಕಾಹ್. ಮನೆಯಲ್ಲಿ ಮದುವೆ ಇಟ್ಟುಕೊಂಡು ಇಲ್ಲೇಕೆ ಬಂದೆ ಎನ್ನುತ್ತೀರಾ? ಇವನೂ ಈ ಬಳಗದ ಸದಸ್ಯ. ಮದುಮಗಳ ಬಳಿ ಹೋಗಿ ಒಪ್ಪಿಗೆ ಕೇಳಲು ವಕೀಲನಾಗಿ ಮನೆಯ ಹಿರಿಯನೊಬ್ಬ ಬೇಕು. ನಿನ್ನೆ ಮೆಹಂದಿಯ ಕೈ ಎತ್ತಿ ಹಿಡಿದುಕೊಂಡೇ ಆಸ್ಫಿಯಾ ಅಂದಳು: "ಅಬ್ಬಾ, ಚಾಚಾ ಬಂದು ಕೇಳಿದ್ರಷ್ಟೇ ಹೂಂ ಅಂತೀನಿ. ಬರಲಿಲ್ಲಂದ್ರ ನಾ ಬಾಯಿ ಬಿಡಂಗಿಲ್ಲ, ನೋಡ್ರಿ ಮತ್ತ!" ಇವನಿಗೆ ಲಗ್ನಪತ್ರಿಕೆಯನ್ನು ಅಂಚೆಯಲ್ಲಿ ಕಳಿಸಿದ್ದೆ. ಕೈಯಾರೆ ಕೊಟ್ಟು ಕರೆಯದ ಮದುವೆಗೆ ನಮ್ಮವರು ಹೋಗುವುದಿಲ್ಲ. ಅಣ್ಣನಾದ ನಾನು ಮೊದಲು ತಮ್ಮನ ಹೊಸ್ತಿಲು ತುಳಿಯಬೇಕೇ? ನಿನ್ನೆಯಿಂದ ಇದೇ ಲೆಕ್ಕ ಹಾಕುತ್ತಿದ್ದೇನೆ, ಸಭಿಕರೇ.

ಇರಲಿ, ವಿಷಯಕ್ಕೆ ಬರುತ್ತೇನೆ. ಪುಸ್ತಕದಲ್ಲೂ ಒಂದು ಅವಳಿಯ ಕಥೆ ಇದೆ. ಒಬ್ಬ ಮನೆಯಲ್ಲೇ ಇರುತ್ತಾನೆ. ಇನ್ನೊಬ್ಬ ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ದೂರ ಹೋಗಿ ಮರಳುತ್ತಾನೆ. ಮರಳಿದವನಿಗೆ ಮನೆಯಲ್ಲಿದ್ದವನಿಗಿಂತ ವಯಸ್ಸು ಕಡಿಮೆ ಆಗಿರುತ್ತದೆ. ಅರೆ, 'ಹೋದವನು ನೀನೇ' ಎಂದು ಇಬ್ಬರೂ ಹೇಳಬಹುದಲ್ಲ? ಎಷ್ಟು ಸಲ ಓದಿದರೂ ಇಲ್ಲೇ ತಲೆ ಕೆಡುತ್ತಿತ್ತು. ಉತ್ತರ ಹೊಳೆದದ್ದು ಈಗ, ಈ ವೇದಿಕೆಯಿಂದ ಇವನ ನರೆತ ಗಡ್ಡ ನೋಡಿದಾಗ. ಒಬ್ಬ ದಾರಿಯಲ್ಲಿ ವೇಗ ತಗ್ಗಿಸಿ, ನಿಂತು, ತಿರುಗಿದ. ಆ ತಿರುವಿನ ಜಗ್ಗಾಟ ಅವನ ಮೈಗೆ ತಾಗಿತು. ಮನೆಯಲ್ಲಿ ಕೂತವನಿಗೆ ತಾಗಲಿಲ್ಲ. ತಿರುಗಿ ಬಂದವನೇ ಚಿಕ್ಕವನು. ಸೂಲಗಿತ್ತಿಯ ಸಾಕ್ಷಿಯೂ ಬೇಡ, ಅಮ್ಮಿಯ ಸಾಕ್ಷಿಯೂ ಬೇಡ.

ಅಂಬಣ್ಣನವರೇ, ಗಂಟೆ ಬಾರಿಸಬೇಡಿ, ಮುಗಿಸಿದೆ. ಬಾಗಿಲ ಬಳಿ ಕೂತ ಆ ನರೆತ ಗಡ್ಡದವರು ಎದ್ದಿದ್ದಾರೆ, ಚಪ್ಪಲಿ ಹುಡುಕುತ್ತಿದ್ದಾರೆ. ದಯವಿಟ್ಟು ಯಾರಾದರೂ ಬಾಗಿಲಿಗೆ ಅಡ್ಡ ನಿಲ್ಲಿ! ಇಷ್ಟು ಹೊತ್ತು ಸಹಿಸಿಕೊಂಡ ನಿಮಗೆಲ್ಲ ಋಣಿ. ನಮಸ್ಕಾರ.

ಭಾಯಿಜಾನ್, ಸ್ವಲ್ಪ ನಿಂದರ್ರೀ. ನಿಮ್ಮ ತಮ್ಮ ಕೆಳಗ ಇಳದು ಬರಾಕತ್ತಾನ.